ಹತ್ತಿಗೆ ಬಿಸಿಲು

ಬೇಸಿಗೆ ಬಂತೆಂದು ಅವಳು ಹಾಸಿಗೆ ಬಿಚ್ಚಿ, ತಾರಸಿಯ ಮೇಲೆ ಹತ್ತಿ ಹಿಂಜಿ ಹರಡುತ್ತಿದ್ದಳು. ನಾಲ್ಕು ವರ್ಷದ ಮಗಳು ರಾಶಿಯಲ್ಲಿ ಕುತ್ತಿಗೆವರೆಗೂ ಹೂತು ಕೂತಿದ್ದಳು.

"ಏಳೇ ಪುಟ್ಟಿ, ಹತ್ತು ಗಂಟೆಗೆ ಅಕ್ಷರದ ಕ್ಲಾಸು," ಎಂದು ಅತ್ತೆ ಬಾಗಿಲಿನಿಂದ ಕೂಗಿದರು. "ಪಕ್ಕದ್ಮನೆ ಮಗು ಆಗ್ಲೇ ಹೆಸರು ಬರೆಯುತ್ತೆ. ನಮ್ಮದು ನೋಡು, ಗಡ್ಡ ಬಿಟ್ಕೊಂಡು ಕೂತಿದೆ!"

"ನಾನು ತಾತ!" ಎಂದಳು ಮಗಳು, ಹತ್ತಿಯ ಗಡ್ಡ ನೀವುತ್ತ.

ಹತ್ತಿ ಹರಡುತ್ತಿದ್ದವಳಿಗೆ ತನ್ನ ಅಮ್ಮ ನೆನಪಾದಳು. ಪ್ರತಿ ಬೇಸಿಗೆಯಲ್ಲೂ ಅಮ್ಮ, "ಹತ್ತಿಗೆ ಇನ್ನೂ ಬಿಸಿಲು ಸಾಲದು, ಕುಣೀತಾ ಇರಿ" ಎಂದು ಮಕ್ಕಳನ್ನು ಸಂಜೆವರೆಗೂ ಆಡಬಿಡುತ್ತಿದ್ದಳು. ಹತ್ತಿಗೆ ಒಂದು ಗಂಟೆಯ ಬಿಸಿಲೇ ಸಾಕೆಂದು ಅವಳಿಗೆ ಈಗ ಗೊತ್ತು.

"ನೀವು ನಡೀರಿ ಅತ್ತೆ," ಎಂದಳು.

ಅತ್ತೆ ಕೆಳಗಿಳಿದರು. ಈ ಬೇಸಿಗೆ ಮಗಳನ್ನು ಕ್ಲಾಸಿಗೆ ಕಳಿಸುವುದಿಲ್ಲವೆಂದು ಮನಸ್ಸಿನಲ್ಲೇ ನಿರ್ಧರಿಸಿ, ಅವಳು ಇನ್ನೊಂದು ಹಾಸಿಗೆಯ ಹೊಲಿಗೆ ಬಿಚ್ಚತೊಡಗಿದಳು.