ಬಾಯಿಗೆ ಮಣ್ಣು ಬಿದ್ದ ಫಿರಂಗಿ

ನಾನು ಒಂದು ಫಿರಂಗಿ. ಹುಟ್ಟಿದ್ದು ಇಂಗ್ಲೆಂಡಿನ ಎರಕದ ಕಾರ್ಖಾನೆಯಲ್ಲಿ. ಅದೇ ದಿನ, ಅದೇ ಕಬ್ಬಿಣದಿಂದ ನನ್ನ ತಮ್ಮನೂ ಹುಟ್ಟಿದ. ಒಂದೇ ಹಡಗಿನಲ್ಲಿ ಈ ಬಂದರಿಗೆ ಬಂದಿಳಿದೆವು. ಮೊದಲ ಪರೀಕ್ಷೆಯಲ್ಲೇ ನನ್ನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ತಮ್ಮನನ್ನು ಕೋಟೆಗುಡ್ಡದ ಮೇಲೆ ಕಡಲಿಗೆ ಮುಖ ಮಾಡಿ ಕೂರಿಸಿದರು. ನನ್ನನ್ನು ಪೇಟೆಯ ಮೂಲೆಯಲ್ಲಿ ತಲೆಕೆಳಗಾಗಿ ಹುಗಿದರು, ದೊರೆಗಳ ಕುದುರೆ ಕಟ್ಟಲು. ಅಂದೇ ನನ್ನ ಬಾಯಿಗೆ ಮಣ್ಣು ಬಿತ್ತು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಹಾಗೇ ಆಯಿತು. ಹಡಗು ಬಂದಾಗಲೆಲ್ಲ ತಮ್ಮ ಗುಡುಗುತ್ತಿದ್ದ, ಊರು ಮೆಚ್ಚುತ್ತಿತ್ತು. ಮದ್ದೇ ಇಲ್ಲದೆ ಹೊಟ್ಟೆ ಉರಿದುಕೊಂಡ ಫಿರಂಗಿ ನಾನೊಬ್ಬನೇ ಇರಬೇಕು.

ದೊರೆಗಳು ಹೋದರು, ಕುದುರೆಗಳೂ ಹೋದವು. ಎತ್ತಿನ ಗಾಡಿಗಳು ನನ್ನನ್ನು ಒರಸಿಕೊಂಡು ಹೋಗುತ್ತಿದ್ದ ಮೂಲೆಯಲ್ಲಿ ಬಸ್ಸುಗಳು ತಿರುಗತೊಡಗಿದವು. ಹಂಚಿನ ಗೋದಾಮುಗಳಿದ್ದಲ್ಲಿ ನಾಲ್ಕಂತಸ್ತಿನ ಅಂಗಡಿಗಳೆದ್ದವು. ಸುಂಕದ ಕಚೇರಿ ಹೋಟೆಲಾಯಿತು, ಪೇಟೆ ನಗರವಾಯಿತು. ಡಾಂಬರು ಹಾಕಿದಷ್ಟೂ ನಾನು ಕುಳ್ಳನಾದೆ. ಕೊನೆಗೆ ಹೊರಗುಳಿದದ್ದು ಮೊಣಕಾಲೆತ್ತರದ ಗುಂಡು ತುದಿ ಮಾತ್ರ.

ನಾನು ಯಾರೆಂಬುದನ್ನೇ ಜನ ಮರೆತರು. ಅಲ್ಲಿ ಹೂ ಮಾರುವ ವಾರಿಜಕ್ಕನ ಅಜ್ಜಿ ನನ್ನನ್ನು ಯಾವುದೋ ದೇವರ ಕಲ್ಲೆಂದುಕೊಂಡು ಕುಂಕುಮ ಹಚ್ಚಿದಳು. ಅಂದಿನಿಂದ ದಿನದ ಮೊದಲ ತುಂಡು ಮಲ್ಲಿಗೆ ನನಗೆ. ಅಜ್ಜಿ, ಅಮ್ಮ, ಆಮೇಲೆ ವಾರಿಜಕ್ಕ. ಒಂದು ದಿನವೂ ತಪ್ಪಲಿಲ್ಲ. ಆದರೆ ನನ್ನ ಗಮನ ಹೂವಿನ ಮೇಲೆಲ್ಲಿತ್ತು? ಪ್ರವಾಸಿಗರು ನನಗೇ ಬ್ಯಾಗು ಒರಗಿಸಿ, "ಅಮ್ಮಾ, ಫಿರಂಗಿ ಎಲ್ಲಿದೆ?" ಎಂದು ಕೇಳುತ್ತಿದ್ದರು.

ವಾರಿಜಕ್ಕ ಗುಡ್ಡದ ಕಡೆ ಕೈ ತೋರಿಸುತ್ತಿದ್ದಳು. "ಸೀದಾ ಹೋಗಿ. ಅಲ್ಲಿ ಫೋಟೋ ಚಂದ ಬರ್ತದೆ."

ತಮ್ಮನಿಗೆ ಬಣ್ಣವಂತೆ, ಬೇಲಿಯಂತೆ, ಸಂಜೆಗೆ ದೀಪವಂತೆ. ಒಮ್ಮೆಯಾದರೂ ಅವನ ಪಕ್ಕದಲ್ಲಿ ಸರಿಸಮನಾಗಿ ಕೂರಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಕಳೆದ ವರ್ಷ ಚರಂಡಿಗೆಂದು ಆ ಮೂಲೆಯನ್ನು ಅಗೆದರು. ಅಗೆದಷ್ಟೂ ಕಲ್ಲು ಉದ್ದವಾಗುತ್ತಲೇ ಹೋಯಿತು. ಇಂಜಿನಿಯರ್ ದಾಮೋದರ ಮಣ್ಣು ಒರಸಿ ನೋಡಿದರು.

"ಇದು ಕಲ್ಲಲ್ಲ ಅಕ್ಕ, ಫಿರಂಗಿ. ಗುಡ್ಡದ ಪಾರ್ಕಿಗೆ ತಕೊಂಡು ಹೋಗ್ತೇವೆ."

"ಫಿರಂಗಿಯಾದ್ರೆ ಎಂಥ? ಇಷ್ಟು ವರ್ಷ ಹೂ ಇಟ್ಟದ್ದಕ್ಕೆ ಅದು ಬೇಡ ಅಂತ ಹೇಳ್ಲಿಲ್ಲ," ಎಂದಳು ವಾರಿಜಕ್ಕ. "ಇಲ್ಲೇ ಇರ್ಲಿ ಮಾರಾಯ್ರೆ."

ಅವಳ ಮಾತು ಎಲ್ಲಿ ನಡೆದುಬಿಡುತ್ತದೋ ಎಂದು ಹೆದರಿದೆ. ನಡೆಯಲಿಲ್ಲ. ಕ್ರೇನು ನನ್ನನ್ನು ಎತ್ತಿತು. ಬಾಯಿಯ ಮಣ್ಣು ಅವಳ ಬುಟ್ಟಿಯ ಪಕ್ಕದಲ್ಲೇ ಉದುರಿತು.

ಈಗ ತಮ್ಮನ ಪಕ್ಕದಲ್ಲಿದ್ದೇನೆ, ಊರ ಕಡೆ ಮುಖ ಮಾಡಿ. ನನಗೂ ಬಣ್ಣ, ನನಗೂ ಬೇಲಿ. ಹತ್ತಿರದಿಂದ ನೋಡಿದರೆ ಅವನ ಬಾಯಿಗೆ ಸಿಮೆಂಟು ತುಂಬಿದ್ದಾರೆ. ಬಂದವರು ಕಸ ಹಾಕುತ್ತಾರಂತೆ. ನನ್ನ ಬಾಯಿಗೂ ತುಂಬಿದರು. ಜನ ಬರುತ್ತಾರೆ, ನಮಗೆ ಬೆನ್ನು ಹಾಕಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಇನ್ನೂರು ವರ್ಷ ನಾನು ಉರಿದದ್ದು ಇದಕ್ಕೆ.

ಇಲ್ಲಿಂದ ಪೇಟೆಯ ಮೂಲೆ ಕಾಣುತ್ತದೆ. ನಾನಿದ್ದ ಜಾಗದಲ್ಲಿ ಮೊಣಕಾಲೆತ್ತರದ ಸಿಮೆಂಟು ಕಂಬ ನೆಟ್ಟಿದ್ದಾರೆ. ಮೊನ್ನೆ ಬೆಳಿಗ್ಗೆ ವಾರಿಜಕ್ಕ ಬುಟ್ಟಿ ಇಳಿಸಿ, ಸ್ವಲ್ಪ ಹೊತ್ತು ಅದನ್ನೇ ನೋಡಿ, ಒಂದು ತುಂಡು ಮಲ್ಲಿಗೆಯನ್ನು ಅದರ ತಲೆಯ ಮೇಲಿಟ್ಟಳು. ನಿನ್ನೆಯೂ ಇಟ್ಟಳು. ಆ ಕಂಬ ಇನ್ನೂ ಒಂದು ಮಳೆಗಾಲ ಕಂಡಿಲ್ಲ. ತಮ್ಮನನ್ನು ನಾನು ಕ್ಷಮಿಸಿದ್ದೇನೆ. ಆ ಕಂಬವನ್ನು ಕ್ಷಮಿಸಲಾರೆ.