ಬೀರಮ್ಮ ಗುಳಿಗೆ ಬಿಟ್ಟದ್ದು

ಇರಾನಿನ ಮೇಲೆ ಬಾಂಬು ಬೀಳತೊಡಗಿದ ವಾರ ಗಾವಡಗೆರೆಯ ಪ್ರಾರ್ಥನಾ ಮನೆಯಲ್ಲಿ ಚಾಪೆ ಸಾಲದಷ್ಟು ಜನ ಸೇರಿದ್ದರು. ಪಾಸ್ಟರ್ ಕನಕರಾಜು ಬೆಳಗ್ಗೆಯಿಂದ ಮೊಬೈಲಿನಲ್ಲಿ ಹೊಗೆ, ಕ್ಷಿಪಣಿ, ದಿಕ್ಕಾಪಾಲಾಗಿ ಓಡುವ ಜನರನ್ನೇ ನೋಡಿ ಬಂದಿದ್ದ. ಪ್ರಸಂಗಕ್ಕೆ ನಿಂತಾಗ ಅವನ ದನಿ ತಾನಾಗಿಯೇ ಏರಿತು.

“ಯುದ್ಧದ ಸುದ್ದಿ ಕೇಳ್ತಿದ್ದೀರಲ್ಲ, ಇನ್ನೇನು ಗುರುತು ಬೇಕು? ಕರ್ತನ ಬರೋಣ ಹತ್ರ ಇದೆ, ಲೋಕಕ್ಕೆ ಕೊನೆಗಾಲ ಬಂತು. ಮುಂದಿನ ಬೆಳೆ ನಾವು ನೋಡಲ್ಲ. ಈ ಮೈಗೆ ಮಾಡಿದ ಆರೈಕೆ ಸಾಕು, ಆತ್ಮ ಸಿದ್ಧ ಮಾಡ್ಕೊಳ್ಳಿ!”

ಜನ ಅತ್ತರು, ಸ್ತೋತ್ರ ಕೂಗಿದರು. ಅದು ಅವನಿಗೆ ಹಿತವಾಗಿತ್ತು. ಮಾರನೆಯ ದಿನ ಬಿಳಿಕೆರೆಗೆ ಹೋಗಿ ತಂಬಾಕಿನ ಎಲೆ ಒಣಗಿಸುವ ತನ್ನ ಬ್ಯಾರನ್ನಿಗೆ ಸೌದೆ ಮಾತಾಡಿ ಬಂದ. ಎಲೆ ಬೇಯಿಸುವ ಕಾಲ ಬಂದರೆ ಸೌದೆ ತುಟ್ಟಿಯಾಗುತ್ತದೆ. ಹೇಳಿದ ಮಾತಿಗೂ ಮಾಡಿದ ಕೆಲಸಕ್ಕೂ ಹೊಂದಿಕೆಯಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಅವತ್ತು ಮುಂದಿನ ಸಾಲಿನಲ್ಲಿ ಬೀರಮ್ಮ ಕೂತಿದ್ದಳು. ತಂಬಾಕಿನ ಎಲೆ ವಿಂಗಡಿಸುವ ಕೂಲಿಯವಳು; ಗಂಡ ತೀರಿಕೊಂಡ ಮೇಲೆ ಸಭೆಗೆ ಸೇರಿದವಳು. ಕೇಳಿದ ಮಾತನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಹೋದಳು. ಮಾತು ಬಿಟ್ಟಿದ್ದ ಸೊಸೆ ರಾಣಿಯ ಕೈ ಹಿಡಿದು ತಪ್ಪಾಯಿತು ಎಂದಳು. ಎಂದೋ ಜಗಳವಾಡಿದ್ದ ಮಲ್ಲಾಜಮ್ಮನ ಮನೆಗೆ ತಾನೇ ಹೋಗಿ ಕೂತು ಬಂದಳು. ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದಾಗ ಮಾತ್ರ ಮತ್ತೆ ತರಿಸಲಿಲ್ಲ.

ಇದು ಕನಕರಾಜುವಿಗೆ ಗೊತ್ತಾದದ್ದು ರಾಣಿ ಅವನ ಮನೆ ಬಾಗಿಲಿಗೆ ಬಂದಾಗ. ಅಷ್ಟೊತ್ತಿಗೆ ಆ ಯುದ್ಧ ನಿಂತು, ಎಲೆ ಬೇಯಿಸುವ ಕೆಲಸ ಶುರುವಾಗಿತ್ತು.

“ಅತ್ತೆನ ಮೈಸೂರಿನ ಆಸ್ಪತ್ರೆಗೆ ಸೇರ್ಸಿದೀವಿ ಪಾಸ್ಟ್ರೆ. ಗಾಯ ಕೊಳ್ತು ಕಾಲ್ಬೆಟ್ಟು ತೆಗುದ್ರು. ಗುಳಿಗೆ ಯಾಕ್ ಬುಟ್ಟೆ ಅಂದ್ರೆ ಪಾಸ್ಟ್ರು ಏಳವ್ರೆ ಅಂತಾಳೆ. ನೀವು ಅಂಗಂದ್ರಾ?”

ಇಲ್ಲ ಎನ್ನಲು ಬಾಯಿ ತೆರೆದ. ಗುಳಿಗೆ ಎಂಬ ಮಾತನ್ನು ಅವನು ಆಡಿರಲಿಲ್ಲ, ನಿಜ. ಆದರೆ ರಾಣಿಯ ಬೆನ್ನ ಹಿಂದೆ ಅವನದೇ ಬ್ಯಾರನ್ನಿನಿಂದ ಹೊಗೆ ಏಳುತ್ತಿತ್ತು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಹೊರಟ.

ಮೈಸೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಬೂಬು ಹುಡುಕಿದ. ವಾರ್ಡಿನಲ್ಲಿ ಬೀರಮ್ಮನ ಕಾಲಿಗೆ ಸುತ್ತಿದ್ದ ಪಟ್ಟಿ ನೋಡಿದ ಮೇಲೆ ಬಾಗಿಲಲ್ಲೇ ನಿಂತ.

“ಬನ್ನಿ ಪಾಸ್ಟ್ರೆ, ಕೂತ್ಕಳಿ,” ಎಂದಳು ಅವಳು. ಅವನು ಕೂತ ಮೇಲೆ ಕೇಳಿದಳು: “ಕರ್ತ ಯಾಕ್ ಬರ್ನಿಲ್ಲ? ನಾನು ಸರ್ಯಾಗಿ ಕಾಯ್ನಿಲ್ವಾ?”

“ನೀನು ಕಾದೆ ಕಣವ್ವಾ. ಕಾಯದೆ ಇದ್ದೋನು ನಾನು. ಮುಂದಿನ ಬೆಳೆ ನೋಡಲ್ಲ ಅಂತ ನಿಮ್ಗೆಲ್ಲ ಹೇಳಿ, ಮಾರ್ನೆ ದಿನ್ವೇ ಬ್ಯಾರನ್ಗೆ ಸೌದೆ ಮಾತಾಡ್ಕಂಡ್ ಬಂದೆ. ಆತ ಬರೋ ದಿನ ಯಾರ್ಗೂ ಗೊತ್ತಿಲ್ಲ. ನಂಗೂ ಗೊತ್ತಿರ್ನಿಲ್ಲ. ಜನ ಅಳ್ತಿದ್ರಲ್ಲ, ಬಾಯಿಗೆ ಬಂದದ್ದು ಆಡ್ಬುಟ್ಟೆ.”

ಬೀರಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಕ್ಷಮಿಸು ಎಂದು ಅವನು ಕೈ ಮುಗಿದಾಗ ಮಾತ್ರ ರೇಗಿದಳು.

“ನನ್ತಾವ ಕೈ ಮುಗುದ್ರೆ ಬೆಟ್ಟು ಬಂದದಾ? ನಿಮ್ ಮಾತ್ ಕೇಳಿ ನಮ್ ಸಭೆ ದೊಡ್ಡಮಾದಯ್ಯನೂ ಬಿಪಿ ಗುಳಿಗೆ ಬುಟ್ಟವ್ನೆ. ರಮ್ಯಾ ಇನ್ಯಾಕೆ ಓದೋದು ಅಂತ ಕಾಲೇಜ್ಗೆ ಸೇರ್ನೇ ಇಲ್ಲ. ನಂಗೇಳಿದ್ನ ಅವ್ರಿಗೂ ಏಳೋಗಿ. ಎಲ್ಲಾರ್ ಮುಂದೆ ಏಳಿ.”

ಕನಕರಾಜು ಭಾನುವಾರದವರೆಗೆ ತಡೆಯಲಿಲ್ಲ. ಊರಿಗೆ ಇಳಿದವನೇ ದೊಡ್ಡಮಾದಯ್ಯನನ್ನು ಬೈಕಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದ. ರಮ್ಯಾಳ ಅಪ್ಪ ಸ್ವಾಮಿ ಅವನನ್ನು ಒಳಗೆ ಕರೆಯಲಿಲ್ಲ. ಕಾಲೇಜಿಗೆ ಸೇರುವ ದಿನ ಮುಗಿದುಹೋಗಿತ್ತು. ಹುಡುಗಿಯ ಒಂದು ವರ್ಷ ಹಾಳಾಗಿತ್ತು.

ಭಾನುವಾರ ಸಭೆಯಲ್ಲಿ ಸೌದೆಯ ವಿಷಯವನ್ನೂ ಮುಚ್ಚಿಡದೆ ಹೇಳಿದ. “ಬೀರಮ್ಮ ಸೊಸೆ ಕೈ ಹಿಡಿದ್ರಲ್ಲ, ಸಿದ್ಧವಾಗಿರೋದು ಅಂದ್ರೆ ಅದು. ಗುಳಿಗೆ ಬಿಡೋ ಹಾಗೆ ಮಾಡಿದ್ದು ನನ್ನ ಪಾಪ.” ಕೆಲವರು ಎದ್ದು ಹೋದರು. ಸ್ವಾಮಿಯ ಮನೆಯವರು ಮತ್ತೆ ಬರಲಿಲ್ಲ.

ಬೀರಮ್ಮ ಈಗ ಕೋಲೂರಿಕೊಂಡು ಬರುತ್ತಾಳೆ. ಚಾಪೆಯಲ್ಲಿ ಕೂರಲಾಗದೆ ಹಿಂದೆ ಕುರ್ಚಿಯಲ್ಲಿ ಕೂರುತ್ತಾಳೆ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ. ಅವನೂ ಮತ್ತೆ ಕೇಳಿಲ್ಲ.