ಮಲಾವಿಯ ಹುಡುಗಿಗೆ ಮಂಚ

ಗದಗಿಗೆ ಅಂಟಿಕೊಂಡ ಬೆಟಗೇರಿಯ ಮಹಾವಿದ್ಯಾಲಯವೊಂದರಲ್ಲಿ ಜಗತ್ತಿನ ಬಡತನವನ್ನೂ ರೋಗರುಜಿನಗಳನ್ನೂ ನಿರ್ಮೂಲ ಮಾಡುವ ಕಾರ್ಯವು ಶ್ರಾವಣದ ಮೊದಲ ವಾರದಲ್ಲಿ ಆರಂಭವಾಯಿತು. ಅದಕ್ಕೂ ಮುನ್ನ ಆರಂಭಿಸಲು ಬ್ಯಾನರು ಸಿದ್ಧವಾಗಿರಲಿಲ್ಲ. ‘ವಿಶ್ವ ದಾರಿದ್ರ್ಯ ಹಾಗೂ ವ್ಯಾಧಿ ನಿರ್ಮೂಲನ ವಿದ್ಯಾರ್ಥಿ ವೇದಿಕೆ’ ಎಂಬ ಹೆಸರು, ಅದರ ಕೆಳಗೆ ಪದಾಧಿಕಾರಿಗಳ ಭಾವಚಿತ್ರಗಳು, ಮೇಲೆ ಮಾರ್ಗದರ್ಶಕರಾದ ಪ್ರಾಧ್ಯಾಪಕ ಸುಭಾಸ ಅವರ ನಗುಮುಖ, ಇವೆಲ್ಲ ಕೂತ ಮೇಲೆ ಭೂಗೋಳಕ್ಕೆ ಉಳಿದದ್ದು ಬಾರಿಹಣ್ಣಿನಷ್ಟು ಜಾಗ. ಅದರಲ್ಲಿಯೇ ಏಳೂ ಖಂಡಗಳು ಹೊಂದಿಕೊಂಡು ಕುಳಿತವು.

ಬೆಂಗಳೂರಿನಿಂದ ಬಂದ ತರಬೇತುದಾರರೊಬ್ಬರು ಇಡೀ ಒಂದು ದಿನ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಧಿಕಾರವುಳ್ಳವರ ಎದುರು ನಿಂತು ಒಂದೇ ಒಂದು ಬೇಡಿಕೆ ಇಡಬೇಕು. ಹೌದು ಅಥವಾ ಇಲ್ಲ ಎಂಬ ಮಾತು ಬಾಯಿಂದ ಹೊರಡುವ ತನಕ ಅವರನ್ನು ಬಿಡಬಾರದು. ಅಂಕಿಸಂಖ್ಯೆಗಳಿಗೆ ಯಾರೂ ಕರಗುವುದಿಲ್ಲ, ಆದ್ದರಿಂದ ಒಬ್ಬ ಮನುಷ್ಯನ ಕಥೆ ಹೇಳಬೇಕು. ವಿದ್ಯಾರ್ಥಿಗಳು ಇದನ್ನೆಲ್ಲ ಮನಸ್ಸಿಟ್ಟು ಕೇಳಿದರು. ತರಬೇತುದಾರರು ರೈಲು ಹತ್ತಿದೊಡನೆ ಒಂದು ಸಣ್ಣ ತಿದ್ದುಪಡಿಯನ್ನು ಸರ್ವಾನುಮತದಿಂದ ಮಾಡಿಕೊಂಡರು: ಬೇಡಿಕೆ ಇಡುವ ಮೊದಲು ಸನ್ಮಾನವಾಗತಕ್ಕದ್ದು. ಶಾಲು ಹೊದಿಸದೆ ಹಿರಿಯರನ್ನು ಏನಾದರೂ ಕೇಳುವುದು ಈ ಸೀಮೆಯ ಸಂಸ್ಕಾರವಲ್ಲ.

ವೇದಿಕೆಯು ಲಕ್ಷ್ಮೇಶ್ವರದ ಪೇಟೆಯಲ್ಲಿ ಘೋಷಣೆ ಕೂಗುತ್ತ ಹಾದುಹೋಯಿತು. ಮುಳಗುಂದದಲ್ಲಿ ಮಲೇರಿಯಾ ಕುರಿತು ಬೀದಿನಾಟಕವಾಡಿತು. ಸೊಳ್ಳೆಯ ಪಾತ್ರಧಾರಿಯ ಕುಣಿತವನ್ನು ಊರವರು ಎಷ್ಟು ಮೆಚ್ಚಿಕೊಂಡರೆಂದರೆ, ನಾಟಕದ ಕೊನೆಗೆ ಸೊಳ್ಳೆ ಸಾಯಬಾರದೆಂದು ಹಟ ಹಿಡಿದು ಮತ್ತೊಮ್ಮೆ ಕುಣಿಸಿದರು. ಮುಂದಿನ ವಿಷಯ ಕ್ಷಯರೋಗ. ಅದರ ಮೇಲಿನ ಮಹಾಸಭೆಗೆ ಅತಿಥಿಯಾಗಿ ಸಂಗಪ್ಪ ಸಾಹುಕಾರರನ್ನು ಕರೆಯುವುದೆಂದು ನಿಶ್ಚಯವಾಯಿತು. ಸಾಹುಕಾರರು ಕಾಳುಕಡಿಯ ದೊಡ್ಡ ವ್ಯಾಪಾರಸ್ಥರು, ದೊಡ್ಡ ರಾಜಕಾರಣಿಗಳ ಆಪ್ತರು, ಕಾಲೇಜಿನ ಆವರಣದಲ್ಲಿಯೇ ಇರುವ ಹೆಣ್ಣುಮಕ್ಕಳ ವಸತಿನಿಲಯದ ಅಧ್ಯಕ್ಷರು. ಜಾಗತಿಕ ಕ್ಷಯನಿರ್ಮೂಲನಕ್ಕೆ ದೇಶವು ಹೆಚ್ಚಿನ ನೆರವು ನೀಡಬೇಕೆಂದು ದಿಲ್ಲಿಯವರೆಗೆ ಹೇಳಿಸುವ ಶಕ್ತಿ ಅವರಿಗಿದೆ ಎಂದು ವೇದಿಕೆ ನಂಬಿತ್ತು. ಸಾಹುಕಾರರೂ ಅದನ್ನು ನಂಬಿದ್ದರು.

ಇತ್ತ ಅದೇ ವಸತಿನಿಲಯದಲ್ಲಿ, ಭೇಟಿಗೆ ಬಂದವರು ಕೂಡುವ ಮುಂಭಾಗದ ಕೋಣೆಯ ನೆಲದ ಮೇಲೆ, ಮುಂಡರಗಿ ಕಡೆಯ ಹಳ್ಳಿಯ ನೀಲಾ ಎಂಬ ಹುಡುಗಿ ಹಾಸಿಗೆ ಹಾಸಿಕೊಂಡು ದಿನ ದೂಡುತ್ತಿದ್ದಳು. ಅವಳು ಬಿ.ಎ. ಅಂತಿಮ ವರ್ಷದಲ್ಲಿದ್ದಳು. ಬೇಸಿಗೆಯ ಕೊನೆಗೆ ಅವಳಿಗೆ ಕ್ಷಯವಿರುವುದು ತಿಳಿದು, ಮುಳಗುಂದದ ಅಕ್ಕನ ಮನೆಯಲ್ಲಿದ್ದು ಔಷಧಿ ತೆಗೆದುಕೊಂಡಿದ್ದಳು. ಇನ್ನು ಬೇರೆಯವರಿಗೆ ಹರಡುವ ಭಯವಿಲ್ಲ, ಗುಳಿಗೆ ತಪ್ಪಿಸದೆ ನುಂಗುತ್ತ ಕಾಲೇಜಿಗೆ ಹೋಗಬಹುದೆಂದು ವೈದ್ಯರು ಹೇಳಿದ ಮೇಲೆಯೇ ಮರಳಿದ್ದಳು. ಮರಳಿದಾಗ ಅವಳ ಮಂಚ, ನಿಲಯದವರ ಬಾಯಲ್ಲಿ ‘ಕಾಟ’, ಕೋಣೆಯಲ್ಲಿರಲಿಲ್ಲ. ಅದನ್ನು ಹೊರಗೆ ಹಾಕಿಸಿದವಳು ಕೋಣೆಯ ಜೊತೆಗಾತಿ ಮಮತಾ. ಅವಳು ವೇದಿಕೆಯ ಕಾರ್ಯದರ್ಶಿ. ‘ರೋಗಿಯ ಕೈ ಹಿಡಿಯೋಣ’ ಎಂಬ ಘೋಷಣೆಯನ್ನು ಬರೆದವಳೂ ಅವಳೇ.

ನಿಲಯದ ಮೇಲ್ವಿಚಾರಕಿ ಗುರುಸಿದ್ದವ್ವ ನೀಲಾಳ ತಂದೆಗೆ ಫೋನು ಮಾಡಿಸಿದ್ದಳು. ಸೋಮವಾರ ಬಂದು ಮಗಳನ್ನು ಕರೆದೊಯ್ಯುವುದಾಗಿ ಅವನು ಒಪ್ಪಿದ್ದ. ಒಯ್ದರೆ ಮುಂದೇನೆಂಬುದು ನೀಲಾಳಿಗೆ ಗೊತ್ತಿತ್ತು. ಶಿರಹಟ್ಟಿಯಲ್ಲಿ ಒಂದು ಸಂಬಂಧ ನೋಡಿದ್ದರು. ರೋಗದ ಸುದ್ದಿ ಹಬ್ಬುವ ಮುನ್ನ ಅಕ್ಕಿಕಾಳು ಬಿದ್ದು ಮದುವೆ ಮುಗಿಯಬೇಕು, ಅಷ್ಟೆ. ಪರೀಕ್ಷೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅದೇ ಕೋಣೆಯಲ್ಲಿದ್ದ ಅವಳ ಗೆಳತಿ, ಸೊರಟೂರಿನ ಶಿವರಂಜನಿ, ಗುರುಸಿದ್ದವ್ವನ ಬೆನ್ನು ಹತ್ತಿದಳು.

"ಅಕ್ಕಾರ, ಡಾಕ್ಟರ ಏನೂ ಭಯ ಇಲ್ಲ ಅಂದಾರ. ನನ್ನ ಬಾಜೂಕ ಆಕಿ ಕಾಟ ಹಾಕ್ರಿ. ನಾ ಏನೂ ಅನ್ನೂದಿಲ್ಲ."

"ನೀ ಅನ್ನೂದಿಲ್ಲವಾ, ಉಳದಾವ್ರು ಅಂತಾರಲ್ಲ? ಸಾಹುಕಾರ್ರು ಏನಂದಾರ ಗೊತ್ತೈತಿಲ್ಲೋ? ರೋಗದವ್ರು ನಮ್ಮ ಹಾಸ್ಟೆಲಿನ್ಯಾಗ ಇರಬಾರ್ದು. ಅವ್ರ ಬಾಯಿಂದ ಇರ್ಲಿ ಅಂತ ಬರ್ಲಿ, ಈ ಕ್ಷಣಾ ಕಾಟ ನಾನ ಹೊತ್ತು ಒಳಗ ಇಡತೀನಿ. ನನಗೂ ಆಕಿನ್ನ ನೆಲದ ಮ್ಯಾಲ ನೋಡಾಕ ಚಂದ ಅನಸೂದಿಲ್ಲ."

"ನೀವ ಕೇಳ್ರಿ ಅವ್ರಿಗೆ."

"ಕೇಳಿದ್ನೆಲ್ಲ. ಈ ರೋಗದ ಮಾತ ಎತ್ತಬ್ಯಾಡ ಅಂತ ಮೂಗಿಗೆ ವಸ್ತ್ರ ಹಿಡದ್ರು. ವಿಡಿಯೋ ಫೋನಿನ್ಯಾಗ ಇದ್ರು ಅವ್ರು."

ಮಹಾಸಭೆಯ ಭಾಷಣಕಾರಳಾಗಿ ಆಯ್ಕೆಯಾಗಿದ್ದವಳು ಶಿವರಂಜನಿಯೇ. ಆದ್ದರಿಂದ ಅವಳು ಸುಭಾಸ ಅವರ ಬಳಿಗೆ ಹೋಗಿ, ಒಬ್ಬ ಮನುಷ್ಯನ ಕಥೆ ಬೇಕಲ್ಲವೆ, ಹೆಸರು ಹೇಳದೆ ನಮ್ಮ ನಿಲಯದ ಹುಡುಗಿಯ ಕಥೆಯನ್ನೇ ಹೇಳುತ್ತೇನೆ ಎಂದಳು. ಸುಭಾಸ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಂಗಿ, ಮುಂಡರಗಿ ಅಂದ್ರ ತಾಲೂಕ ಮಟ್ಟ ಆತು. ನಮ್ಮದು ಜಾಗತಿಕ ಮಟ್ಟ. ಅಧ್ಯಕ್ಷರ ಹಾಸ್ಟೆಲಿನ ಮಾತ ಅಧ್ಯಕ್ಷರ ಮುಂದ ತಗದ್ರ ಅದಕ್ಕ ಜಾಗೃತಿ ಅನ್ನೂದಿಲ್ಲ, ತಕರಾರ ಅಂತಾರ. ಆಫ್ರಿಕಾದಾಗಿಂದ ಒಂದು ಛಲೋ ಕಥಿ ನೋಡು. ಜನರ ಕಣ್ಣಾಗ ನೀರು ಬರಬೇಕು, ಆದ್ರ ಯಾರಿಗೂ ಬ್ಯಾಸರ ಆಗಬಾರ್ದು."

ಮಮತಾ ಭೂಪಟ ನೋಡಿ ಮಲಾವಿ ಎಂಬ ದೇಶವನ್ನು ಆರಿಸಿಕೊಟ್ಟಳು. ಹುಡುಗಿಗೆ ಗ್ರೇಸ್ ಎಂದು ನಾಮಕರಣವನ್ನೂ ಮಾಡಿದಳು. ಕೊನೆಗೆ ಗ್ರೇಸ್ ಸಾಯಬೇಕೆಂಬುದು ಸುಭಾಸ ಅವರ ಅಪೇಕ್ಷೆಯಾಗಿತ್ತು. ಸತ್ತರೆ ಸಭೆ ಗಂಭೀರವಾಗುತ್ತದೆ. ಶಿವರಂಜನಿ ಅದೊಂದಕ್ಕೆ ಮಾತ್ರ ತಲೆಯಾಡಿಸಲಿಲ್ಲ.

ಆ ಸಂಜೆ ಅವಳು ಮುಂಭಾಗದ ಕೋಣೆಯಲ್ಲಿ ನೀಲಾಳ ಹಾಸಿಗೆಯ ತುದಿಗೆ ಕುಳಿತಳು.

"ನಿನ್ನ ಹೆಸರ ಹೇಳೂದಿಲ್ಲ, ಊರ ಹೇಳೂದಿಲ್ಲ. ನಿನ್ನ ಮಲಾವಿಗೆ ಕಳಸಾಕತ್ತೀನಿ. ನೀ ಹೂಂ ಅಂದ್ರ ಅಷ್ಟ."

"ಅಲ್ಲೆರ ಕಾಟ ಕೊಡ್ತಾರೇನಲೇ?"

"ಅಲ್ಲೆ ಕೊಟ್ರ ಇಲ್ಲೂ ಕೊಡಬೇಕಾಕ್ಕೇತಿ. ಹಂಗ ಮಾಡ್ತೀನಿ."

"ಮಾಡು. ಹೋಗಾಕ ಇನ್ನ ಮೂರ ದಿನ ಐತಿ. ಮಲಾವೀನೂ ನೋಡಿಬಿಡೂಣು," ಎಂದು ನೀಲಾ ನಕ್ಕಳು. ನಗು ಮುಗಿದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಶನಿವಾರ ಸಭಾಭವನ ಕಿಕ್ಕಿರಿದಿತ್ತು. ನಿಲಯದ ಹುಡುಗಿಯರು ಮೂರನೆಯ ಸಾಲಿನಲ್ಲಿ, ಅವರ ತುದಿಗೆ ಗುರುಸಿದ್ದವ್ವ. ಸ್ವಾಗತ ಭಾಷಣ, ದೀಪ, ಅತಿಥಿಗಳ ಪರಿಚಯ, ಪರಿಚಯಿಸಿದವರ ಪರಿಚಯ ಇವೆಲ್ಲ ಮುಗಿದು ಸನ್ಮಾನಕ್ಕೆ ಬಂತು. ಸಾಹುಕಾರರ ತಲೆಗೆ ಜರಿಯ ಪೇಟ, ಹೆಗಲಿಗೆ ಶಾಲು, ಅದರ ಮೇಲೆ ಕಾಲೇಜಿನ ಶಾಲು, ಅದರ ಮೇಲೆ ವ್ಯಾಪಾರಸ್ಥರ ಸಂಘದ ಶಾಲು, ಕೊರಳಿಗೆ ಗಲ್ಲ ಮುಚ್ಚುವಂಥ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಎರಡೂ ಕೈಯಲ್ಲಿ ಗಾಜಿನ ಫಲಕ. ಸ್ಥಳೀಯ ಸುದ್ದಿವಾಹಿನಿಯ ಯೂಸುಫ ಕ್ಯಾಮೆರಾ ಹಿಡಿದು, "ಹಂಗ ಇರ್ರಿ ಸಾಹುಕಾರ್ರ, ಅಳ್ಯಾಡಬ್ಯಾಡ್ರಿ, ಲೈವ್ ಹೊಂಟೈತಿ," ಎಂದು ಅವರನ್ನು ಹಾಗೆಯೇ ಕೂರಿಸಿದ. ಸನ್ಮಾನದ ಸಾಮಗ್ರಿಯನ್ನು ಇಳಿಸಿಕೊಳ್ಳುವುದು ಸನ್ಮಾನಿಸಿದವರಿಗೆ ಅವಮಾನವೆಂದು ತಿಳಿದಿದ್ದ ಸಾಹುಕಾರರು ಭಾಷಣ ಮುಗಿಯುವ ತನಕ ಎಲ್ಲವನ್ನೂ ಹೊತ್ತುಕೊಂಡೇ ಕುಳಿತರು.

ಶಿವರಂಜನಿ ಪುಸ್ತಕದ ಕನ್ನಡದಲ್ಲಿಯೇ ಆರಂಭಿಸಿದಳು. ಮಲಾವಿಯ ಒಂದು ಹಳ್ಳಿ. ಅಲ್ಲಿ ಗ್ರೇಸ್ ಎಂಬ ವಿದ್ಯಾರ್ಥಿನಿ. ಆದರೆ ಗ್ರೇಸ್ ಬಸ್ಸು ಹತ್ತಿ ವಸತಿನಿಲಯಕ್ಕೆ ಬರುವ ಹೊತ್ತಿಗೆ ಪುಸ್ತಕದ ಕನ್ನಡ ಹಿಂದೆಯೇ ಉಳಿದುಹೋಗಿತ್ತು.

"ಆಕಿ ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ಲು. ಆಕಿ ಬಂದ ನೋಡಿದ್ರ ಕಾಟ ಇಲ್ಲ. ಕ್ವಾಣ್ಯಾಗ ಇದ್ದ ಗೆಳತ್ಯಾರು ಬಾಗಲದಾಗ ನಿಂತು, ಒಳಗ ಬರಬ್ಯಾಡ ಅಂದ್ರು. ಡಾಕ್ಟರ ಆರಾಮ ಆಗಾಕತ್ತೈತಿ ಅಂದಿದ್ರು. ಆದ್ರ ಡಾಕ್ಟರ ಮಾತು ಯಾರೂ ಕೇಳಲಿಲ್ಲ. ಊಟಕ್ಕ ಎಲ್ಲಾರೂ ಎದ್ದ ಮ್ಯಾಲ ಆಕೀನ್ನ ಕರೀತಾರ. ಆಕಿ ತಂದ ರೊಟ್ಟಿ ಯಾರೂ ಮುಟ್ಟಲಿಲ್ಲ. ಮದಲ ಅದ ರೊಟ್ಟಿಗೆ ಕಿತ್ತಾಡ್ತಿದ್ರು."

ಮಲಾವಿಯಲ್ಲಿ ಜೋಳದ ರೊಟ್ಟಿ ಕಾಣಿಸಿಕೊಂಡೊಡನೆ ಸುಭಾಸ ಅವರು ಎರಡು ಸಲ ಕೆಮ್ಮಿ ಎಚ್ಚರಿಸಿದರು. ಸಭೆಗೆ ಅದರ ಪರಿವೆಯಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಮಹಿಳೆಯರಿಗೆ ಆ ರೊಟ್ಟಿಯಿಂದಲೇ ಮಲಾವಿ ಹತ್ತಿರದ ಊರಾಯಿತು. ಮಮತಾ ಎಲ್ಲರಿಗಿಂತ ಹೆಚ್ಚು ಅತ್ತಳು. ಸಾಹುಕಾರರ ಕಣ್ಣಿನಿಂದಲೂ ನೀರಿಳಿಯಿತು. ಕೈಗಳೆರಡರಲ್ಲೂ ಫಲಕವಿದ್ದುದರಿಂದ ಅದು ಒರೆಸುವವರಿಲ್ಲದೆ ಹಾರದೊಳಗೆ ಸೇರಿಕೊಂಡಿತು. ಗುರುಸಿದ್ದವ್ವ ಮಾತ್ರ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಶಿವರಂಜನಿ ಮೈಕು ಹಿಡಿದುಕೊಂಡೇ ಸಾಹುಕಾರರ ಕುರ್ಚಿಯ ಬಳಿ ಬಂದಳು.

"ಈಗ ಆಕಿ ಅಪ್ಪ ಬರಾಕತ್ತಾನ್ರಿ, ಆಕಿನ್ನ ಒಯ್ಯಾಕ. ಒಯ್ದ ಅಂದ್ರ ಸಾಲಿ ಮುಗೀತು. ಈ ಕಥಿ ಮುಂದಿಂದು ನನಗ ಗೊತ್ತಿಲ್ಲ. ನೀವು ಹಿರ್ಯಾರದೀರಿ, ನೀವ ಹೇಳ್ರಿ. ಆಕಿ ಹೋಗಬೇಕೋ, ಇರಬೇಕೋ?"

"ಇರಬೇಕವಾ," ಎಂದರು ಸಾಹುಕಾರರು. "ನಮ್ಮ ಹಾಸ್ಟೆಲಿನ್ಯಾಗ ಆಗಿದ್ರ ಆ ಕೂಸಿನ್ನ ಯಾರ ಹೊರಗ ಹಾಕ್ತಿದ್ರು ನೋಡೇ ಬಿಡ್ತಿದ್ದೆ ನಾನು."

"ಹಂಗಾದ್ರ ನಿಮ್ಮ ಹಾಸ್ಟೆಲಿನ್ಯಾಗ ಅಂಥಾ ಹುಡುಗಿಗೆ ಕಾಟ ಐತ್ರಿ?"

"ಐತಿ."

"ಪಂಕ್ತಿಯೊಳಗ ಊಟ?"

"ಐತಿ ಅಂದ್ನೆಲ್ಲವಾ. ಎಲ್ಲಾರ ಜೋಡಿ, ನಡುವ ಕುಂದ್ರಿಸಿ ಉಣಸ್ತೀವಿ. ನಾವೇನ್ ಮನಶ್ಯಾರ ಅಲ್ಲೇನು?"

ಸಭಾಭವನ ಚಪ್ಪಾಳೆಯಿಂದ ತುಂಬಿತು. ಆ ಚಪ್ಪಾಳೆಯ ಉತ್ಸಾಹದಲ್ಲಿ ಸಾಹುಕಾರರು ಮಲಾವಿಯ ಆ ಹುಡುಗಿಗೆ ಗದಗಿನ ಜನತೆಯಿಂದ ಹೊದಿಕೆಗಳನ್ನು ಕಳಿಸಬೇಕೆಂದು ಕರೆ ಕೊಟ್ಟರು. ದಿಲ್ಲಿಗೆ ಸಂಬಂಧಿಸಿದ ಬೇಡಿಕೆಯನ್ನು ಇಡುವುದು ಎಲ್ಲರಿಗೂ ಮರೆತುಹೋಯಿತು. ವಂದನಾರ್ಪಣೆಯವರಿಗೆ ನೆನಪಾಗುವ ಹೊತ್ತಿಗೆ ಅವಲಕ್ಕಿ ಹಂಚುವುದು ಶುರುವಾಗಿತ್ತು.

ಸಾಹುಕಾರರು ಕಾರಿನ ಬಾಗಿಲಿಗೆ ಕೈ ಹಾಕಿದಾಗ ಗುರುಸಿದ್ದವ್ವ ಅಡ್ಡ ನಿಂತಳು. ಶಿವರಂಜನಿ ಅವಳ ಹಿಂದೆ.

"ಸಾಹುಕಾರ್ರ, ನಿಮ್ಮ ಮಾತಾತಲ್ಲ. ಕಾಟ ಒಳಗ ಹಾಕಿಸ್ಲೇನ್ರಿ?"

"ಯಾವ ಕಾಟ?"

"ಅದರಿ, ಮುಂಡರಗಿ ಕಡೇ ಹುಡುಗೀದು. ಟಿಬಿ ಆದಾಕೀದು."

ಸಾಹುಕಾರರು ಜೇಬಿನಿಂದ ಕರವಸ್ತ್ರ ತೆಗೆದರು. ಸ್ವಲ್ಪ ಹೊತ್ತಿನ ಮುಂಚೆ ಕಣ್ಣೊರೆಸಿಕೊಳ್ಳಲು ಸಿಗದಿದ್ದ ಅದು ಈಗ ಮೂಗಿಗೆ ಬಂತು.

"ಅದು ಬ್ಯಾರೆ ಮಾತು ಗುರುಸಿದ್ದವ್ವ. ಅದು ಮಲಾವಿ, ಇದು ಬೆಟಗೇರಿ. ಅಲ್ಲೀದು ಅಲ್ಲೆ, ಇಲ್ಲೀದು ಇಲ್ಲೆ. ಏ ಯೂಸುಫ, ಅದೇನ್ ಹಾಸ್ಟೆಲ್ ಅಂದ್ನೆಲ್ಲ, ಅಷ್ಟ ತಗದಬಿಡಪಾ."

"ತಗ್ಯಾಕ ಬರೂದಿಲ್ರಿ, ಲೈವ್ ಹೋಗಿ ಮುಗದೈತಿ," ಎಂದ ಯೂಸುಫ. "ಮ್ಯಾಲ ಹೆಸರ ಬ್ಯಾರೆ ಕೊಟ್ಟೀನಿ. ‘ಸಾಹುಕಾರರ ವಸತಿನಿಲಯದಲ್ಲಿ ರೋಗಿಗೂ ಮಂಚ.’ ಲಕ್ಷ್ಮೇಶ್ವರದವ್ರು ಭಾಳ ಮಂದಿ ನೋಡಾಕತ್ತಾರ್ರಿ. ನಾಳೆ ಹಾಸ್ಟೆಲಿಗೆ ಬಂದು ಆ ಕಾಟದ್ದ ಒಂದ ಫೋಟೋ ತಗೀಲೇನು ಅಂತ ನಾನ ಕೇಳಾವಿದ್ದೆ."

ಅಷ್ಟರಲ್ಲಿ ಸಾಹುಕಾರರ ಫೋನು ರಿಂಗಣಿಸಿತು. ಲಕ್ಷ್ಮೇಶ್ವರದ ಕಾಳುಕಡಿ ದಲ್ಲಾಳಿಯೊಬ್ಬರು ಅಭಿನಂದಿಸುತ್ತಿದ್ದರು. ಅವರ ಮನೆಯವರು ಕಣ್ಣೀರು ಹಾಕಿದರಂತೆ. ಸಾಹುಕಾರರು ಫೋನಿನಲ್ಲಿ, "ಮಾನವೀಯತೆ ಮುಖ್ಯರಿ," ಎಂದರು. ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಗುರುಸಿದ್ದವ್ವನ ಕಡೆಗೆ ಕೈಬೀಸಿ, ಹಾಕಿಸು, ಹಾಕಿಸು ಎಂದು ಸನ್ನೆ ಮಾಡಿದರು.

ಗುರುಸಿದ್ದವ್ವ ಯೂಸುಫನ ಕಡೆಗೆ ತಿರುಗಿದಳು. "ತಮ್ಮಾ, ಹುಡುಗ್ಯಾರ ಕ್ವಾಣೀ ಫೋಟೋ ಗೀಟೋ ಅಂತ ಬಂದ್ರ ಕ್ಯಾಮೆರಾ ನನ್ನ ಕಡೆ ಉಳೀತೈತಿ, ನೀ ಮನೀಗೆ ಹೊಕ್ಕೀ." ನಂತರ ನಿಲಯಕ್ಕೆ ನಡೆದು, ಸೀರೆಯ ನಿರಿ ಎತ್ತಿ ಸಿಕ್ಕಿಸಿ, ತಾನು ಹೇಳಿದಂತೆಯೇ ಮಂಚದ ಒಂದು ತುದಿಯನ್ನು ಎತ್ತಿದಳು. ಇನ್ನೊಂದು ತುದಿ ಶಿವರಂಜನಿಯ ಕೈಯಲ್ಲಿತ್ತು. ಮಂಚ ಒಳಗೆ ಬಂದೊಡನೆ ಮಮತಾ ತನ್ನ ಮಂಚವನ್ನು ಕಿಟಕಿಯ ಗೋಡೆಗೆ ಸರಿಸಿಕೊಂಡು, ಅದರ ಮೇಲೆ ಕುಳಿತು ಹೊದಿಕೆ ಸಂಗ್ರಹದ ಕರಪತ್ರ ಬರೆಯತೊಡಗಿದಳು.

ಸೋಮವಾರ ನೀಲಾಳ ತಂದೆ ಮೂಕಪ್ಪ ಬಂದ. ಬಸ್ಸಿನಲ್ಲಿ ಗುರುತಿನವರು ಯಾರಾದರೂ ಕಂಡಾರೆಂದು ಮಗಳಿಗೆ ಮುಸುಕು ಹಾಕಿ ಒಯ್ಯಲು ಒಂದು ಹೊಸ ಚಾದರವನ್ನು ತಂದಿದ್ದ. ಮುಂಭಾಗದ ಕೋಣೆಯಲ್ಲಿ ಮಗಳು ಅವನ ಎದುರಿಗೆ ನಿಂತಳು.

"ನಾ ಬರೂದಿಲ್ರಿ ಅಪ್ಪಾರ. ನನ್ನ ಕಾಟ ಒಳಗ ಹಾಕ್ಯಾರ. ನಿನ್ನೆ ಪಂಕ್ತ್ಯಾಗ ಉಂಡೇನಿ."

"ಶಿರಹಟ್ಟ್ಯಾವ್ರಿಗೆ ಏನ್ ಹೇಳ್ಲಿ?"

"ಪರೀಕ್ಷಾ ಮುಗೀಲಿ ಅಂತ ಹೇಳ್ರಿ. ಇಲ್ಲಾ, ಖರೇ ಏನೈತಿ ಅದನ್ನ ಹೇಳ್ರಿ. ಹೂಂ ಅಂದ್ರ ಛಲೋ ಮಂದಿ ಅಂತ ತಿಳಿಯೂಣು."

ಮೇಲ್ವಿಚಾರಕಿಯೇ ಇರಿಸಿಕೊಂಡ ಮೇಲೆ ಒತ್ತಾಯ ಮಾಡುವ ಧೈರ್ಯ ಮೂಕಪ್ಪನಿಗೆ ಬರಲಿಲ್ಲ. ಚಾದರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಕಾಲೇಜಿನ ದೊಡ್ಡ ಬಾಗಿಲಲ್ಲಿ ವೇದಿಕೆಯವರು ಮೇಜು ಹಾಕಿಕೊಂಡು ಕುಳಿತಿದ್ದರು. ಮಮತಾ ಅವನನ್ನು ನಿಲ್ಲಿಸಿ, ಮಲಾವಿಯ ಗ್ರೇಸಳ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು: ಹೊರಗೆ ಹಾಕಿದ ಮಂಚ, ಯಾರೂ ಮುಟ್ಟದ ರೊಟ್ಟಿ, ಓದು ಬಿಡಿಸಿ ಒಯ್ಯಲು ಬರುತ್ತಿರುವ ಅಪ್ಪ.

ಮೂಕಪ್ಪ ಕಣ್ಣಿಗೆ ವಸ್ತ್ರ ಹಚ್ಚಿದ.

"ಪಾಪ, ಎಲ್ಲೀ ಹುಡುಗಿನೋ ಏನೋ. ಆ ಅಪ್ಪನ್ನ ಎದಿ ಎಂಥಾದ್ದಿರಬೇಕ ನೋಡ್ರಿ, ಯವ್ವಾ," ಎಂದು ಹೇಳಿ, ಮಗಳಿಗೆಂದು ತಂದಿದ್ದ ಚಾದರವನ್ನು ಮಡಿಕೆ ಬಿಚ್ಚದೆ ಮೇಜಿನ ಮೇಲಿಟ್ಟು ಮುಂಡರಗಿಯ ಬಸ್ಸು ಹಿಡಿಯಲು ನಡೆದ.